ಬೇರೆಂಡನ ನೀಲಿಯೂ ನನ್ನ ಗಾಜಿನ ಪೆಟ್ಟಿಗೆಯೂ

ನಮ್ಮ ವೀನ್‌ಹಾವೆನ್ ಊರಿನಲ್ಲಿ ಅರವತ್ತು ದಾಟಿದವರಲ್ಲಿ ಅರ್ಧದಷ್ಟು ಜನ ಆಲೂಗಡ್ಡೆ ಅಗಿಯುವುದು ನಾನು ಮಾಡಿದ ಹಲ್ಲುಗಳಿಂದ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಲ್ಯಾಮರ್ಟ್ ಹೋವಿಂಗ್ ಎಂಬ ನಾನು ಹಲ್ಲಿನ ಸೆಟ್ಟು ತಯಾರಿಸಿ ವಾಪಸ್ಸು ಕಳಿಸುತ್ತೇನೆ. ಮೂವತ್ತೈದು ವರ್ಷದಿಂದ ಇದೇ ಕೆಲಸ. ಇಷ್ಟು ವರ್ಷದಲ್ಲಿ ಒಬ್ಬರ ಎಡದವಡೆ ಹಲ್ಲನ್ನೂ ಬಲಕ್ಕೆ ಕೂರಿಸಿದವನಲ್ಲ. ಹೀಗಂತ ನಾನು ಮದುವೆಮನೆಗಳಲ್ಲಿ, ಕ್ಷೌರದಂಗಡಿಯಲ್ಲಿ, ಒಮ್ಮೆ ಶವಸಂಸ್ಕಾರದ ಕಾಫಿ ಹೊತ್ತಿನಲ್ಲಿ ಕೂಡ ಹೇಳಿಕೊಂಡಿದ್ದೇನೆ.

ಹುಟ್ಟಿನಿಂದ ನಾನು ಆಲೂಗಡ್ಡೆ ರೈತನ ಮಗ. ಹಲ್ಲು ಮಾಡುವವನಾದದ್ದು ಹೇಗೆಂದರೆ, ಹದಿನೇಳನೇ ವಯಸ್ಸಿನಲ್ಲಿ, ಬೆಳೆ ಕೀಳುವ ದಿನ, ಅಪ್ಪನ ಟ್ರ್ಯಾಕ್ಟರನ್ನು ತುಂಬಿದ ಗಾಡಿಯ ಸಮೇತ ಕಾಲುವೆಗೆ ಇಳಿಸಿಬಿಟ್ಟೆ. ಬ್ರೇಕು ಸರಿಯಾಗಿತ್ತು, ದಾರಿಯಲ್ಲಿ ಜಾರಿಕೆಯೂ ಇರಲಿಲ್ಲ. ಕರಿಮಣ್ಣಿನ ಮೇಲೆ ನನ್ನ ಚಕ್ರದ ಗುರುತು ಎಷ್ಟು ನೆಟ್ಟಗೆ ಬಿದ್ದಿದೆ ಎಂದು ಹಿಂದೆ ತಿರುಗಿ ನೋಡಿಕೊಂಡು ಹೋಗುತ್ತಿದ್ದೆ, ಅಷ್ಟೆ. ಅಪ್ಪ ದಡದಲ್ಲಿ ನಿಂತು, ಮುಳುಗಿಹೋಗುತ್ತಿದ್ದ ಆಲೂಗಡ್ಡೆಗಳನ್ನು ನೋಡಿ, "ಲ್ಯಾಮರ್ಟ್, ನಿನಗೆ ಕೂತು ಮಾಡೋ ಕೆಲ್ಸ ಏನಾದ್ರೂ ಹುಡುಕೋಣ" ಎಂದರು. ಟ್ರ್ಯಾಕ್ಟರ್ ಓಡಿಸುವುದೂ ಕೂತು ಮಾಡುವ ಕೆಲಸವೇ ಎಂದು ಹೇಳೋಣವೆಂದರೆ ನಾನು ಸೊಂಟದುದ್ದ ನೀರಿನಲ್ಲಿದ್ದೆ. ಹೊಲವೆಲ್ಲ ಅಕ್ಕ ಹಿಲ್ಲಿಗೆ ಹೋಯಿತು. ಅವಳು ಈವರೆಗೆ ಯಾವುದನ್ನೂ ಕಾಲುವೆಗೆ ಇಳಿಸಿಲ್ಲ.

ಆಮೇಲೆ ಇಪ್ಪತ್ತನಾಲ್ಕು ವರ್ಷ ನಾನು ಟ್ರ್ಯಾಕ್ಟರ್ ಮುಟ್ಟಲಿಲ್ಲ. ನಲವತ್ತೊಂದರಲ್ಲಿ, ಹಿಲ್ಲಿಯ ಮಗಳ ಹುಟ್ಟುಹಬ್ಬಕ್ಕೆಂದು ಅಂಗೈ ಅಗಲದ ಒಂದು ಲೋಹದ ಟ್ರ್ಯಾಕ್ಟರ್ ಕೊಂಡು ಮನೆಗೆ ತಂದೆ. ಉಡುಗೊರೆ ಕಾಗದ ಸುತ್ತುವ ಮುಂಚೆ ಸುಮ್ಮನೆ ಒಮ್ಮೆ ಬಿಚ್ಚಿ ನೋಡಿದೆ. ಹಿಂದಿನ ಕೊಂಡಿ ತಪ್ಪಿತ್ತು. ಹಲ್ಲಿನ ಸಣ್ಣ ಡ್ರಿಲ್ಲು ಕೈಗೆ ಹತ್ತಿರದಲ್ಲೇ ಇತ್ತು. ಸರಿಮಾಡಿದೆ. ಸರಿಮಾಡಿದ ಕೊಂಡಿಯ ಪಕ್ಕ ಚಕ್ರದ ನಟ್ಟುಗಳು ಒರಟಾಗಿ ಕಂಡವು. ಆ ಹುಡುಗಿಗೆ ಕೊನೆಗೆ ಪುಸ್ತಕ ಕೊಟ್ಟೆವು. ಟ್ರ್ಯಾಕ್ಟರ್ ನನ್ನ ಕೆಲಸದ ಮೇಜಿನ ಮೇಲೇ ಉಳಿಯಿತು.

ಹಾಗೆ ಹತ್ತಿದ ಈ ಮಾದರಿ ಟ್ರ್ಯಾಕ್ಟರಿನ ಹವ್ಯಾಸದಲ್ಲಿ ನಮ್ಮದು ಮೂವತ್ತೆರಡರಲ್ಲಿ ಒಂದು ಪಾಲಿನ ಅಳತೆ. ನಿಜವಾದ ಯಂತ್ರದಲ್ಲಿ ಮೂವತ್ತೆರಡು ಅಂಗುಲ ಇರುವುದು ನಮ್ಮಲ್ಲಿ ಒಂದಂಗುಲ. ಅಂಗಡಿಯ ಮಾದರಿಯನ್ನು ಕೊಂಡು, ಬಿಚ್ಚಿ, ಬಣ್ಣ ಕಿತ್ತು, ಚಾಲಕನ ಗೂಡನ್ನು ಗರಗಸದಲ್ಲಿ ಕೊಯ್ದು, ಹಿತ್ತಾಳೆ ತಗಡಿನಲ್ಲಿ ಹೊಸದು ಬೆಸೆದು, ಹೊಸ ಟೈರಿಗೆ ಹತ್ತು ವರ್ಷದ ಸವೆತ ತಂದು, ಕೊನೆಗೆ ಸೀಮೆಸುಣ್ಣದ ಪುಡಿಯಲ್ಲಿ ಧೂಳು ಹಿಡಿಸುವುದು. ಹೊಸ ಸಾಮಾನನ್ನು ದುಡ್ಡು ಕೊಟ್ಟು ತಂದು ಹಳೆಯದಾಗಿಸುವ ಕಸುಬು. ಮಣ್ಣು ಮಾತ್ರ ಅಸಲಿಯೇ ಆಗಬೇಕು, ನನ್ನ ಹೆಂಡತಿ ಯಾಂಟಿನಳ ಕಾಲುಚೀಲದಲ್ಲಿ ಜರಡಿ ಹಿಡಿದದ್ದು. ಯಾಂಟಿನ್ ಬಟ್ಟೆ ಅಂಗಡಿಯಲ್ಲಿ ದರ್ಜಿ ಕೆಲಸ ಮಾಡಿ ನಿವೃತ್ತಳಾದವಳು. "ಅಡುಗೆಮನೆ ಕಪಾಟಿನ ಬಾಗಿಲು ಸರಿಮಾಡ್ತೀನಿ ಅಂದು ಎರಡು ವರ್ಷ ಆಯ್ತು. ಅದನ್ನೂ ಚಿಕ್ಕದಾಗಿ ಮಾಡಿ ತೋರಿಸ್ತೀಯೇನೋ ಅಂತ ಕಾಯ್ತಾ ಇದೀನಿ" ಅನ್ನುತ್ತಾಳೆ.

ನಮ್ಮ ಸಂಘದಲ್ಲಿ ಹದಿನಾಲ್ಕು ಜನ. ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಊರ ಸಭಾಂಗಣದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಅಲ್ಲಿ ನನಗೆ ಒಂದು ಹೆಸರಿತ್ತು. ಒಳ್ಳೆಯ ಹೆಸರು ಅಂತಲೇ ಬಹಳ ದಿನ ನಂಬಿದ್ದೆ. ಯಾರ ಮಾದರಿ ಮೇಜಿನ ಮೇಲೆ ಬಂದರೂ ನಾನು ಜೇಬಿನಿಂದ ದಂತವೈದ್ಯರ ಪುಟ್ಟ ಕನ್ನಡಿ ತೆಗೆದು, ಅದರ ಹೊಟ್ಟೆಯ ಕೆಳಗೆಲ್ಲ ತೂರಿಸಿ, "ಹ್ಞೂಂ" ಎನ್ನುತ್ತಿದ್ದೆ. ಒಂದು ಸಲ ವೀಟ್ಸೆಯ ಸರದಿ. ವೀಟ್ಸೆ ನಿವೃತ್ತ ಬಸ್ ಚಾಲಕ, ಮೆತ್ತಗಿನ ಮನುಷ್ಯ, ಸಂಘದ ಸ್ಪರ್ಧೆಗಳಿಗೆ ತೀರ್ಪುಗಾರ. ಒಂದು ಚಳಿಗಾಲವಿಡೀ ಕೂತು ಮಾಡಿದ ಕೆಂಪು ಟ್ರ್ಯಾಕ್ಟರ್ ತಂದಿದ್ದ.

"ಚೆನ್ನಾಗಿದೆ ವೀಟ್ಸೆ," ಎಂದೆ. "ಡೀಸೆಲ್ ಮುಚ್ಚಳ ಒಂದು ತಪ್ಪು ಕಡೆಗಿದೆ. ಎಡ ಯಾವುದು ಬಲ ಯಾವುದು ಅನ್ನೋದು ಗೊತ್ತಾದ್ರೆ ಉಳಿದದ್ದೆಲ್ಲ ತಾನಾಗೇ ಬರುತ್ತೆ."

ಹನ್ನೆರಡು ಜನ ನಕ್ಕರು. ವೀಟ್ಸೆ ಟ್ರ್ಯಾಕ್ಟರನ್ನು ಬೂಟಿನ ಡಬ್ಬಿಗೆ ಹಾಕಿಕೊಂಡ. ಆ ಇಡೀ ವಾರ ನಾನು ಬಹಳ ಖುಷಿಯಲ್ಲಿದ್ದೆ.

ಅದೇ ಬೇಸಿಗೆಯಲ್ಲಿ ರೂಲಿ ಐಸಿಂಗ್ ನಮ್ಮ ಮನೆಗೆ ಬಂದಳು. ಕಾಲುವೆಯಾಚೆ ದೊಡ್ಡ ಆಲೂಗಡ್ಡೆ ಹೊಲದ ಬೇರೆಂಡ್ ಐಸಿಂಗನ ಹೆಂಡತಿ. ಬೇರೆಂಡ್ ಮುಂದಿನ ಮಾರ್ಚಿಗೆ ಎಂಬತ್ತೈದು ತುಂಬುವವನು. ಮೂವತ್ತೊಂದು ವರ್ಷ ಓಡಿಸಿದ ಅವನ ನೀಲಿ ಟ್ರ್ಯಾಕ್ಟರ್, ಮನೆಯವರೆಲ್ಲ ಬರೀ 'ನೀಲಿ' ಎಂದು ಕರೆಯುತ್ತಿದ್ದದ್ದು, ಯಾವತ್ತೋ ಗುಜರಿಗೆ ಹೋಗಿತ್ತು.

"ಲ್ಯಾಮರ್ಟ್, ಅವನಿಗೆ ಒಂದು ಪುಟ್ಟ ನೀಲಿ ಮಾಡಿಕೊಡ್ತೀಯಾ? ಹುಟ್ಟುಹಬ್ಬಕ್ಕೆ," ಎಂದಳು. "ಕೈಯಲ್ಲಿ ಹಿಡಿದು ಕೂರೋ ಹಾಗೆ ಇರ್ಲಿ. ಅವನ ಕಣ್ಣು ಪೂರ್ತಿ ಹೋದ ಹಾಗೇ. ಅಂಚಿನಲ್ಲಿ ಸ್ವಲ್ಪ ಬೆಳಕು ಕಾಣುತ್ತೆ, ಅಷ್ಟೆ."

ಇದನ್ನು ಅವಳು ಸ್ಪಷ್ಟವಾಗಿ ಹೇಳಿದಳು. ಯಾಂಟಿನ್ ಸಾಕ್ಷಿ. ನಾನೂ ತಲೆಯಾಡಿಸಿದೆ. ನನ್ನ ತಲೆಯೊಳಗೆ ಆಗ ಓಡುತ್ತಿದ್ದದ್ದು ಒಂದೇ, ನೀಲಿಯ ಬಣ್ಣ ಯಾವ ಛಾಯೆಯದು ಎಂಬುದು.

ರೂಲಿ ಒಂದು ಡಬ್ಬಿ ಸ್ಲೈಡುಗಳನ್ನು ಕೊಟ್ಟುಹೋದಳು, ಹಿಂದಿನ ಕಾಲದಲ್ಲಿ ಗೋಡೆಗೆ ಬೆಳಕು ಬಿಟ್ಟು ನೋಡುತ್ತಿದ್ದ ಪುಟ್ಟ ಚೌಕದ ಚಿತ್ರಗಳು. ಅದರಲ್ಲಿ ನೀಲಿಯದು ಒಂಬತ್ತು. ನನ್ನ ಕೆಲಸದ ಕೋಣೆಯ ದುಬಾರಿ ಯಂತ್ರದಲ್ಲಿ ನಾನೇ ಸ್ವತಃ ಒಂದೊಂದನ್ನೇ ಇಟ್ಟು ದೊಡ್ಡದು ಮಾಡಿ ಮುದ್ರಿಸಿಕೊಂಡೆ. ಬೇರೆಯವರ ಕೈಗೆ ಕೊಟ್ಟರೆ ತಪ್ಪಾಗಬಹುದು ನೋಡಿ.

ಚಿತ್ರಗಳನ್ನು ನೋಡುತ್ತ ಹೋದಂತೆ ನನಗೆ ರೋಮಾಂಚನವಾಯಿತು. ಅಂಗಡಿಯ ಮಾದರಿಯಲ್ಲಿ ಹೊಗೆಕೊಳವೆ ಬಲಕ್ಕಿದ್ದರೆ ಬೇರೆಂಡನ ನೀಲಿಯಲ್ಲಿ ಎಡಕ್ಕಿತ್ತು! ಸಾಮಾನಿನ ಪೆಟ್ಟಿಗೆ ಬಲಕ್ಕೆ, ಹತ್ತುವ ಮೆಟ್ಟಿಲು ಬಲಕ್ಕೆ. ಎಂಜಿನ್ನಿನ ಪಕ್ಕದ ತಗಡುಗಳನ್ನು ಸೆಕೆಗೆಂದು ತೆಗೆದಿಟ್ಟಿದ್ದರಿಂದ ಎಲ್ಲೂ ಒಂದಕ್ಷರ ಬರಹವಿರಲಿಲ್ಲ. ಬೇರೆಂಡ್ ತಾನೇ ಕೂತು ಇಡೀ ಟ್ರ್ಯಾಕ್ಟರನ್ನು ಅದಲುಬದಲು ಮಾಡಿದ್ದಾನೆ ಎಂದು ತೀರ್ಮಾನಿಸಿದೆ. ಯಾಕೆ ಮಾಡಿದ ಎಂಬುದಕ್ಕೂ ಕಾರಣ ಕಂಡುಹಿಡಿದೆ: ಅವನ ಹೊಲದ ಬಲಗಡೆ ಕಾಲುವೆ, ಅಂಚಿನಲ್ಲಿ ಮರಗಳು, ಕೊಂಬೆಗೆ ಕೊಳವೆ ತಾಗದಿರಲಿ ಎಂದು. ಇದರ ಮೇಲೆ ಸಂಘದ ಪತ್ರಿಕೆಗೆ ಎರಡು ಪುಟದ ಲೇಖನವನ್ನೂ ಬರೆದೆ. 'ಜೌಗುಮಣ್ಣಿನ ರೈತರ ಎಡಗೈ ಜಾಣ್ಮೆ' ಎಂದು ಶೀರ್ಷಿಕೆ. ಬೇರೆಂಡನ ಮನೆ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಆರು ನಿಮಿಷ. ಹೋಗಿ ಕೇಳಬಹುದಿತ್ತು. ಉಡುಗೊರೆಯ ಗುಟ್ಟು ಹೊರಬೀಳುತ್ತದೆ ಎಂದು ಹೋಗಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಕೇಳಬೇಕೆಂದು ಹೊಳೆಯಲೇ ಇಲ್ಲ.

ಒಂದು ದಿನ ಯಾಂಟಿನ್ ಕಾಫಿ ತಂದಿಟ್ಟು, ಚಿತ್ರದಲ್ಲಿ ನೀಲಿಗೆ ಒರಗಿ ನಿಂತಿದ್ದ ಯುವಕ ಬೇರೆಂಡನನ್ನು ನೋಡಿದಳು.

"ಇವನ್ಯಾಕೆ ಹೆಂಗಸರ ಅಂಗಿ ಹಾಕ್ಕೊಂಡಿದಾನೆ?"

"ಏನು?"

"ಗುಂಡಿ ನೋಡು. ಹೆಂಗಸರ ಕಡೆಗಿದೆ."

"ಯಾಂಟಿನ್, ನಾನಿಲ್ಲಿ ಟ್ರ್ಯಾಕ್ಟರ್ ನೋಡ್ತಾ ಇದೀನಿ."

"ಅದು ಗೊತ್ತು," ಎಂದು ಅವಳು ಹೋದಳು.

ಎಂಟು ತಿಂಗಳು ಹಿಡಿಯಿತು. ಸೀಟನ್ನು ಹಲ್ಲಿನ ಸೆಟ್ಟಿನ ಒಸಡಿಗೆ ಬಳಸುವ, ಒಣಗಿದರೆ ಕಲ್ಲಾಗುವ ಗುಲಾಬಿ ಅಂಟಿನಲ್ಲಿ ಎರಕ ಹೊಯ್ದು ಕರಿ ಬಣ್ಣ ಬಳಿದೆ. ಹಿಂದಿನ ಮಡ್‌ಗಾರ್ಡಿನ ಮೇಲಿದ್ದ ಬೋಗುಣಿಯಂಥ ತಗ್ಗನ್ನು ಚಮಚದ ಹಿಂಬದಿಯಿಂದ ಒತ್ತಿ ಮೂಡಿಸುವುದಕ್ಕೆ ಹನ್ನೊಂದು ಮಡ್‌ಗಾರ್ಡು ಹಾಳುಮಾಡಿದೆ. ರೂಲಿಯಿಂದ ಗುಟ್ಟಾಗಿ ತರಿಸಿಕೊಂಡ ಅವರ ಹೊಲದ್ದೇ ಮಣ್ಣನ್ನು ಜರಡಿ ಹಿಡಿದು ಚಕ್ರಕ್ಕೆ ಮೆತ್ತಿದೆ. ಕೊನೆಗೆ, ಇಷ್ಟು ನಾಜೂಕಿನ ಕೆಲಸಕ್ಕೆ ಧೂಳು ಕೂರಬಾರದೆಂದು, ಅಷ್ಟೂ ಧೂಳನ್ನು ನಾನೇ ಕೂರಿಸಿದ್ದರೂ, ಒಂದು ಗಾಜಿನ ಪೆಟ್ಟಿಗೆ ಮಾಡಿಸಿ ಅದರೊಳಗೆ ಭದ್ರವಾಗಿ ಸ್ಕ್ರೂ ಹಾಕಿದೆ. ಕೈಯಲ್ಲಿ ಹಿಡಿಯುವಂತಿರಲಿ ಎಂದವಳಿಗೆ ಗಾಜಿನ ಪೆಟ್ಟಿಗೆ.

ಫೆಬ್ರವರಿಯಲ್ಲಿ ಆಸೆನ್ ಪಟ್ಟಣದ ಪ್ರದರ್ಶನಕ್ಕೆ ಅದನ್ನು ಇಟ್ಟೆ. ವೀಟ್ಸೆ ಮತ್ತೆ ಇಬ್ಬರು ತೀರ್ಪುಗಾರರು. ವೀಟ್ಸೆ ನನ್ನ ನೀಲಿಯ ಮುಂದೆ ಬಹಳ ಹೊತ್ತು ನಿಂತ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಹೊಟ್ಟೆಕಿಚ್ಚು ಅಂದುಕೊಂಡೆ. ಎರಡನೇ ಬಹುಮಾನ ಬಂತು, ನನ್ನ ಜೀವಮಾನದ ಮೊದಲ ಬಹುಮಾನದ ಬಟ್ಟಲು. ಮೊದಲನೆಯದು ಯಾಕೆ ಬರಲಿಲ್ಲ ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಯಾಂಟಿನಳಿಗೆ ವಿವರಿಸಿದೆ. ಅವಳು ಕಾರಿನಲ್ಲಿ ನಿದ್ದೆ ಹೋಗಿದ್ದಳು.

ಮಾರ್ಚಿನಲ್ಲಿ ಬೇರೆಂಡನ ಹುಟ್ಟುಹಬ್ಬ. ಅವರ ಹಜಾರದಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ನಮ್ಮೂರ ವಾಡಿಕೆಯಂತೆ ಬಂದವರೆಲ್ಲ ಎಲ್ಲರ ಕೈ ಕುಲುಕಿ, ಬೇರೆಂಡನಿಗೆ, ರೂಲಿಗೆ, ರೂಲಿಯ ತಂಗಿಗೆ, ಪಕ್ಕದ ಮನೆಯವರಿಗೆ ಕೂಡ ಅಭಿನಂದನೆ ಹೇಳಿ ಕೂತರು. ಕಾಫಿ, ತಲಾ ಒಂದು ತುಂಡು ಕೇಕು ಬಂತು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಸಣ್ಣ ಭಾಷಣ ಮಾಡಿದೆ. ಬಹುಮಾನದ ವಿಷಯವನ್ನು ಎರಡು ಸಲ ಹೇಳಿದೆ. ಆಮೇಲೆ ಪೆಟ್ಟಿಗೆಯನ್ನು ಬೇರೆಂಡನ ಮಡಿಲಿಗಿಟ್ಟೆ.

ಅವನು ಎರಡೂ ಕೈಯಲ್ಲಿ ಗಾಜನ್ನು ಸವರಿದ. ಮೇಲೆ, ಪಕ್ಕಕ್ಕೆ, ಮೂಲೆಗೆ.

"ಥ್ಯಾಂಕ್ಸ್ ಕಣೋ ಲ್ಯಾಮರ್ಟ್," ಎಂದ. "ಮೀನು ಇದೆಯಾ ಒಳಗೆ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ರೂಲಿ ನನ್ನ ಮುಖ ನೋಡಿದಳು. ನಾನು ಚಮಚ ಬೀಳಿಸಿಕೊಂಡವನ ಹಾಗೆ ನೆಲದ ಮೇಲೆ ಮಂಡಿಯೂರಿ, ಕೇಕು ಕೊಯ್ದ ಚಾಕುವಿನಿಂದಲೇ ತಳದ ಸ್ಕ್ರೂಗಳನ್ನು ಬಿಚ್ಚಿದೆ. ಗಾಜು ತೆಗೆದು ನೀಲಿಯನ್ನು ಅವನ ಕೈಗೆ ಕೊಟ್ಟೆ. ಮೊದಲ ಹಿಡಿತಕ್ಕೇ ಪಕ್ಕದ ಕನ್ನಡಿ ಪಟ್ಟಂತ ಮುರಿಯಿತು, ಎರಡನೆಯದಕ್ಕೆ ಹೊಗೆಕೊಳವೆ ಬಾಗಿತು. ಅವನ ಬೆರಳುಗಳೋ ಒಂದೊಂದೂ ಎಳೆ ಸೌತೆಕಾಯಿ ಗಾತ್ರ.

"ಎಲ್ಲಾ ಮರಳು ಮುಟ್ಟಿದ ಹಾಗಿದೆಯಲ್ಲೋ," ಎಂದ. ನಿಧಾನವಾಗಿ ತಡವಿದ. ಹುಬ್ಬು ಗಂಟಿಕ್ಕಿತು. "ಇದೇನಿದು, ಇಲ್ಲಿ ಉಬ್ಬಿರೋದು?"

"ಸಾಮಾನಿನ ಪೆಟ್ಟಿಗೆ."

"ಬಲಗಡೆ ಯಾಕಿದೆ?"

"ನೀವೇ ಅಲ್ಲಿಗೆ ಹಾಕಿಸಿದ್ದು. ಕಾಲುವೆ ಪಕ್ಕದ ಮರಗಳಿಂದಾಗಿ..."

"ಯಾವ ಮರ?"

ನಾನು ನನ್ನ ಲೇಖನದ ಸಾರಾಂಶ ಹೇಳಿದೆ. ಕೋಣೆಯಲ್ಲಿ ಹದಿನೆಂಟು ಜನ ಕೇಳುತ್ತಿದ್ದರು. ಬೇರೆಂಡ್ ತಾಳ್ಮೆಯಿಂದ ಪೂರ್ತಿ ಕೇಳಿದ.

"ಲೋ ಮಗಾ," ಎಂದ ಕೊನೆಗೆ, "ಮೂವತ್ತೊಂದು ವರ್ಷ ದಿನಾ ಎಡಗಾಲು ಆ ಪೆಟ್ಟಿಗೆ ಮೇಲಿಟ್ಟು ಎಡಗಡೆಯಿಂದ ಹತ್ತಿದೀನಿ. ಕೊಳವೆ ಬಲಕ್ಕಿತ್ತು. ಬಲಗಿವಿ ಕೇಳಿಸದೆ ಇರೋದು ಅದರಿಂದಾನೇ. ಇದು ನನ್ನ ನೀಲಿ ಅಲ್ಲ ಕಣೋ. ಕನ್ನಡಿಯೊಳಗಿನ ನೀಲಿ."

ಆಗ ಯಾಂಟಿನ್ ಕುರ್ಚಿಯಿಂದ ಅರ್ಧ ಎದ್ದು, "ಗುಂಡಿ!" ಎಂದು ಕೂಗಿದಳು. "ಅಂಗಿಯ ಗುಂಡಿ! ನಾನು ಹೇಳಿರ್ಲಿಲ್ವಾ? ಸ್ಲೈಡನ್ನೆಲ್ಲ ಹಿಂದುಮುಂದು ಇಟ್ಟಿದೀಯ ನೀನು!"

ಒಂಬತ್ತಕ್ಕೆ ಒಂಬತ್ತನ್ನೂ. ಒಂದಾದರೂ ಸರಿ ಇಟ್ಟಿದ್ದರೆ ಗೊತ್ತಾಗುತ್ತಿತ್ತು. ಆದರೆ ನಾನು ಶಿಸ್ತಿನ ಮನುಷ್ಯ. ಬೇರೆಂಡ್ ನಗತೊಡಗಿದ. ಹೊಟ್ಟೆ ಕುಣಿಸಿ, ಕಣ್ಣೀರು ಸುರಿಸಿ, ಬಾಯಿ ತುಂಬ ನಕ್ಕ. ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಕಾಣುತ್ತಿದ್ದವು. ಎರಡನ್ನೂ ಮಾಡಿಕೊಟ್ಟವನು ನಾನೇ. ಎಲ್ಲೂ ಅಲುಗದೆ ಗಟ್ಟಿಯಾಗಿ ಕೂತಿದ್ದವು ಎಂಬುದೊಂದೇ ಆ ಮಧ್ಯಾಹ್ನ ನನಗಿದ್ದ ಸಮಾಧಾನ.

ವಾಪಸ್ಸು ಹೋಗುವಾಗ ಖಾಲಿ ಗಾಜಿನ ಪೆಟ್ಟಿಗೆ ಯಾಂಟಿನಳ ಮಡಿಲಲ್ಲಿತ್ತು.

"ಎಂಟು ತಿಂಗಳು ಯಾಂಟಿನ್," ಎಂದೆ. "ಒಂದು ಸಣ್ಣ ತಪ್ಪು."

"ಟ್ರ್ಯಾಕ್ಟರ್ ಸಣ್ಣದು ಲ್ಯಾಮರ್ಟ್. ತಪ್ಪು ಪೂರ್ತಿ ಅಳತೆದು."

ಸಂಘದ ಮುಂದಿನ ಶನಿವಾರ ಬಹುಮಾನದ ಬಟ್ಟಲನ್ನು ಚೀಲದಲ್ಲಿ ಹಾಕಿಕೊಂಡು ಸಂಘಕ್ಕೆ ಹೋದೆ. ಹೋಗುವ ಮುಂಚೆ ಹೊಟ್ಟೆನೋವು ಬರುತ್ತದೇನೋ ಎಂದು ಸ್ವಲ್ಪ ಕಾದೆ, ಬರಲಿಲ್ಲ. ಹದಿಮೂರು ಜನರ ಮುಂದೆ ನಡೆದದ್ದೆಲ್ಲ ಹೇಳಿ, ಬಟ್ಟಲನ್ನು ಮೇಜಿನ ಮೇಲಿಟ್ಟು, ವೀಟ್ಸೆಯ ಕಡೆ ತಿರುಗಿದೆ. "ಡೀಸೆಲ್ ಮುಚ್ಚಳದ ಮಾತಿಗೆ..." ಎಂದು ಶುರುಮಾಡಿದೆ. ಅವನು ಈಗ ಹೇಳುತ್ತಾನೆ, ಎಡ ಯಾವುದು ಬಲ ಯಾವುದು ಎಂದು, ಹನ್ನೆರಡು ಜನ ನಗುತ್ತಾರೆ, ನಾನು ಕೇಳಿಸಿಕೊಳ್ಳಬೇಕು. ಅದಕ್ಕೆ ತಯಾರಾಗೇ ಬಂದಿದ್ದೆ.

ವೀಟ್ಸೆ ಕಾಫಿ ಬಟ್ಟಲು ಕೆಳಗಿಟ್ಟ.

"ಆಸೆನ್‌ನಲ್ಲೇ ನನಗೆ ಕಂಡಿತ್ತು," ಎಂದ. "ಕೊಳವೆ ತಪ್ಪು ಕಡೆಗಿದೆ ಅಂತ. ಆದ್ರೆ ಲ್ಯಾಮರ್ಟ್ ಮಾಡಿದಾನಲ್ಲ, ಅವನು ತಪ್ಪೋಕೆ ಸಾಧ್ಯ ಇಲ್ಲ, ನನ್ನ ಕಣ್ಣಿಗೇ ಏನೋ ಆಗಿದೆ ಅಂದ್ಕೊಂಡೆ. ಮನೆಗೆ ಹೋಗಿ ಹಳೇ ಪುಸ್ತಕ ಎಲ್ಲಾ ತೆಗೆದು ನೋಡಿದೆ. ಅದರಲ್ಲೂ ಬಲಕ್ಕೇ ಇತ್ತು. ಪುಸ್ತಕಾನೇ ತಪ್ಪಿರ್ಬೇಕು ಅಂದ್ಕೊಂಡೆ." ಅವನು ಮೂಗಿನ ಮೇಲಿನ ಕನ್ನಡಕ ಮುಟ್ಟಿ ತೋರಿಸಿದ. "ಹೊಸದು. ಹೋದ ವಾರ ಹಾಕಿಸಿದೆ. ಡಾಕ್ಟರು ನಂಬರು ಬದಲಾಗಿಲ್ಲ ಅಂತ ಹೇಳಿದ್ರೂ ಕೇಳ್ಲಿಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ನಗುವುದಕ್ಕೆ ಸಿದ್ಧರಾಗಿದ್ದವರೂ ನಗಲಿಲ್ಲ. ಒಬ್ಬ ಮನುಷ್ಯ ತನ್ನ ಸ್ವಂತ ಕಣ್ಣನ್ನೇ ಸಂಶಯಿಸುವಷ್ಟು ನಾನು ವರ್ಷಗಟ್ಟಲೆ ಆ ಕೋಣೆಯಲ್ಲಿ ಕನ್ನಡಿ ಆಡಿಸಿದ್ದೆ. ಕಾಲುವೆಯಲ್ಲಿ ಸೊಂಟದುದ್ದ ನಿಂತಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ. ಅಂದಿನಿಂದ ಆ ಪುಟ್ಟ ಕನ್ನಡಿಯನ್ನು ಸಂಘಕ್ಕೆ ಒಯ್ಯುವುದನ್ನು ಬಿಟ್ಟೆ. ದೊಡ್ಡ ತ್ಯಾಗವೇನಲ್ಲ, ಕೆಲಸದ ಮೇಜಿನಲ್ಲಿ ಇನ್ನೂ ನಾಲ್ಕು ಇವೆ.

ಇನ್ನು ಹಲ್ಲಷ್ಟೇ ಮಾಡಿಕೊಂಡಿರೋಣ ಎಂದು ನಿರ್ಧರಿಸಿದ್ದಾಗ ಬೇರೆಂಡನ ಫೋನು ಬಂತು.

"ಗುರುವಾರ ಹತ್ತಕ್ಕೆ ಕಾಫಿಗೆ ಬಾ. ಆ ಮರಳಿನ ಕಾಳು ಬೇಡ. ಕೈಗೆ ಸಿಗೋ ಹಾಗಿರೋದು ಮಾಡು."

"ಅಳತೆ ಎಷ್ಟಿರಲಿ?" ಎಂದೆ, ಅಭ್ಯಾಸಬಲ.

"ಒಂದು ಇಡೀ ಬ್ರೆಡ್ಡಿನಷ್ಟು."

ಹೀಗೆ ಪ್ರತಿ ಗುರುವಾರ ಅವರ ಅಡುಗೆಮನೆಯಲ್ಲಿ ಕೂರುವುದು ಶುರುವಾಯಿತು. ಒಂದು ಬ್ರೆಡ್ಡಿನ ಅಳತೆಯ ಟ್ರ್ಯಾಕ್ಟರು, ಮರ, ಹಿತ್ತಾಳೆ, ಹಲ್ಲಿನ ಅಂಟು. ಬಣ್ಣ ಬೇಡವೇ ಬೇಡ ಎಂದ. ನಾನು ಮನೆಯಲ್ಲಿ ಒಂದು ಭಾಗ ಮಾಡಿ ತರುವುದು, ಬೇರೆಂಡ್ ಅದನ್ನು ತಡವಿ ಬೈಯುವುದು, ನಾನು ವಾಪಸ್ಸು ಒಯ್ಯುವುದು. ನನ್ನ ಒಂಬತ್ತು ಚಿತ್ರಗಳಲ್ಲಿ, ಸರಿಯಾಗಿ ತಿರುಗಿಸಿ ನೋಡಿದರೂ, ಕಾಣದಿದ್ದ ಎಷ್ಟೋ ಸಂಗತಿ ಅವನ ಕೈಗೆ ಗೊತ್ತಿದ್ದವು. ಹರಿದ ಸೀಟಿನ ಕೆಳಗೆ ಬ್ರೆಡ್ಡಿನ ಚೀಲ ನೇತುಹಾಕಲು ಒಂದು ಬಾಗಿದ ಮೊಳೆ. ಸ್ಟೀರಿಂಗಿನ ಒಳಬದಿಗೆ ಸುತ್ತಿದ್ದ ಸೈಕಲ್ ಟ್ಯೂಬು, ಚಳಿಗೆ ಕೈ ಅಂಟಬಾರದೆಂದು. ಗೇರಿನ ಕಡ್ಡಿಗೆ ಮೂಲದ ಗುಂಡು ಬಿದ್ದುಹೋಗಿ, ದನದ ಕೊಟ್ಟಿಗೆಯ ಬಾಗಿಲಿನ ಹಿಡಿ ಸಿಕ್ಕಿಸಿದ್ದು.

"ಆ ಹಿಡಿ ಹೇಗಿತ್ತು? ದುಂಡಗಿತ್ತಾ?"

"ಮೊದಲು ದುಂಡಗಿತ್ತು. ಆಮೇಲೆ ನನ್ನ ಕೈ ಹಾಗಿತ್ತು."

ಅದು ಹೀಗಿರಬಹುದು ಎಂದು ನಾಲ್ಕು ಸಲ ಮಾಡಿ ತಂದರೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಐದನೇ ಗುರುವಾರ ಕೆಲಸದ ಕೋಣೆಯಿಂದ ಗುಲಾಬಿ ಮೇಣದ ಉಂಡೆಯೊಂದನ್ನು ತಂದು ಅವನ ಅಂಗೈಗೆ ಇಟ್ಟೆ. ಬೇರೆಂಡ್ ಕಣ್ಣು ಮುಚ್ಚಿ (ಯಾಕೆ ಮುಚ್ಚಿದನೋ), ಹೆಬ್ಬೆರಳಿನಿಂದ ಒತ್ತಿ, ತಿರುವಿ, ಸವರಿ, ಒಂದು ವಕ್ರ ಕಾಳಿನಂಥದ್ದು ಮಾಡಿ ಕೊಟ್ಟ. ಹಲ್ಲು ಎರಕ ಹೊಯ್ಯುವ ಹಾಗೇ ಅದನ್ನು ಹೊಯ್ದೆ. ನನ್ನ ಅಷ್ಟೂ ವರ್ಷದ ಹವ್ಯಾಸದಲ್ಲಿ ಸರಿಯಾಗಿ ಬಂದದ್ದು ಅದೊಂದೇ ಅನ್ನಬಹುದು. ಅದನ್ನು ಮಾಡಿದವನು ನಾನಲ್ಲ.

ಮಡ್‌ಗಾರ್ಡು ತಂದ ದಿನ ಇನ್ನೊಂದು ನಡೆಯಿತು. ರೂಲಿ ಒಲೆಯ ಬಳಿ ಬಟಾಣಿ ಸೂಪು ಕದಡುತ್ತಿದ್ದಳು. ಬೇರೆಂಡ್ ತಗಡನ್ನು ತಡವಿ ತಗ್ಗಿನ ಮೇಲೆ ಬೆರಳು ನಿಲ್ಲಿಸಿದ.

"ಹಾರ್ಮ್‌ನ ತಗ್ಗು," ಎಂದ ಕಹಿಯಾಗಿ. ಹಾರ್ಮ್ ಎಂದರೆ ಹಿಂದೆ ಅವರಲ್ಲಿ ದುಡಿಯುತ್ತಿದ್ದ ಆಳು, ಈಗ ಪಕ್ಕದ ಊರಿನಲ್ಲಿದ್ದಾನೆ. "ನಲವತ್ತು ವರ್ಷ ಆಯ್ತು. ಗೇಟಿಗೆ ಗುದ್ದಿ, ನಾನಲ್ಲ ಅಂತ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದ. ಗುದ್ದಿದ್ದಕ್ಕೆ ಬೇಜಾರಿಲ್ಲ. ಸುಳ್ಳು ಹೇಳಿದ್ದಕ್ಕೆ."

ಸೂಪಿನ ಸೌಟು ನಿಂತಿತು.

"ಬೇರೆಂಡ್," ಎಂದಳು ರೂಲಿ, ನಮ್ಮ ಕಡೆ ತಿರುಗದೆಯೇ. "ಅದು ನಾನು."

"ಏನು ನೀನು?"

"ನೀನು ಸಹಕಾರ ಸಂಘದ ಮೀಟಿಂಗಿಗೆ ಹೋಗಿದ್ದೆ. ನೀಲಿ ಅಡ್ಡ ಇತ್ತು, ಬಟ್ಟೆ ಒಣಗಹಾಕೋಕೆ ಜಾಗ ಇರ್ಲಿಲ್ಲ. ಸ್ವಲ್ಪ ಹಿಂದಕ್ಕೆ ತೆಗೆಯೋಣ ಅಂತ ಹತ್ತಿದೆ."

"ನಿನಗೆ ಓಡಿಸೋಕೆ ಬರಲ್ವಲ್ಲ!"

"ಅದೇ ಗೊತ್ತಾಗಿದ್ದು."

ನಾನು ಕೋಟು ಎಲ್ಲಿಟ್ಟೆ ಎಂದು ನೋಡತೊಡಗಿದೆ. ಆದರೆ ಬೇರೆಂಡ್ ಫೋನು ಕೊಡಲು ಹೇಳಿದ. ಹಾರ್ಮ್‌ನ ನಂಬರು ಅವನಿಗೆ ಬಾಯಿಪಾಠವಿತ್ತು. ನಲವತ್ತು ವರ್ಷ ಮಾತು ಬಿಟ್ಟವನ ನಂಬರು. ಕಿವಿ ಮಂದವಾದ್ದರಿಂದ ಫೋನಿನ ದನಿ ಅಡುಗೆಮನೆಗೆಲ್ಲ ಕೇಳುವಂತೆ ಇಡುವುದು ಅವನ ವಾಡಿಕೆ.

"ಹಾರ್ಮ್? ನಾನು ಬೇರೆಂಡ್ ಐಸಿಂಗ್. ಆ ಮಡ್‌ಗಾರ್ಡು ನೀನು ಗುದ್ದಿದ್ದಲ್ಲವಂತೆ."

ಆ ಕಡೆ ಟೀವಿಯ ಸದ್ದು ತಗ್ಗಿತು.

"ಗೊತ್ತು," ಎಂದ ಹಾರ್ಮ್. "ಕೊಟ್ಟಿಗೆ ಕಿಟಕಿಯಿಂದ ನೋಡ್ತಾನೇ ಇದ್ದೆ. ರೂಲಿ."

"ಮತ್ತೆ ಯಾಕೋ ಹೇಳ್ಲಿಲ್ಲ? ನಾನು ನಿನ್ನ ಎಷ್ಟು ಬೈದೆ!"

"ಅವಳು ಒಳ್ಳೆ ಸೂಪು ಬಡಿಸ್ತಿದ್ಳು, ಬೇರೆಂಡ್. ನೀನು ಬರೀ ಬೈತಿದ್ದೆ."

ಬೇರೆಂಡ್ ಫೋನನ್ನು ಮೇಜಿನ ಮೇಲಿಟ್ಟು, ಬಾಯಿ ಒರೆಸಿಕೊಂಡು, "ಇವತ್ತೂ ಸೂಪೇ ಇದೆ," ಎಂದ ಜೋರಾಗಿ. "ಬರೋದಾದ್ರೆ ಬಾ."

ಹಾರ್ಮ್ ಸೈಕಲ್ ತುಳಿದುಕೊಂಡು ಬರಲು ಅರ್ಧ ಗಂಟೆ ಹಿಡಿಯಿತು. ಎಂಬತ್ತರ ಹತ್ತಿರದ ಒಣಕಲು ಮನುಷ್ಯ. ಬಂದು ಕೂತ, ತಗಡು ಮುಟ್ಟಿ, "ತಗ್ಗು ಇಷ್ಟು ಆಳ ಇರ್ಲಿಲ್ಲ," ಎಂದ. ಇಬ್ಬರೂ ಅದರ ಆಳದ ಬಗ್ಗೆ ಜಗಳ ಶುರುಮಾಡಿದರು. ರೂಲಿ ಎಲ್ಲರಿಗೂ ಸೂಪು ಬಡಿಸಿ, ಹಾರ್ಮ್‌ನ ತಟ್ಟೆಗೆ ಸಾಸೇಜಿನ ಎರಡು ತುಂಡು ಹೆಚ್ಚು ಹಾಕಿದಳು. ಅವಳ ಮುಖ ಕೆಂಪಾಗಿತ್ತು. ಒಲೆಯ ಬಿಸಿ ಅಂದಳು.

ಅಕ್ಟೋಬರಿಗೆ ಟ್ರ್ಯಾಕ್ಟರು ಮುಗಿಯಿತು. ನೋಡಲು ಘೋರವಾಗಿತ್ತು. ಒಂದು ಕಡೆ ಗುಲಾಬಿ, ಒಂದು ಕಡೆ ಹಿತ್ತಾಳೆ, ನಡುವೆ ಬೀಚ್ ಮರ. ಚಾಲಕನ ಗೂಡಿನ ಬಾಗಿಲಿನ ಹಿಡಿ ಆ ಬಾಗಿಲಿನ ಅರ್ಧದಷ್ಟು. ಗೇರಿನ ಗುಂಡು ಚಾಲಕನ ತಲೆಯಷ್ಟಿರಬಹುದು, ಚಾಲಕ ಇದ್ದಿದ್ದರೆ. ಯಾಂಟಿನ್ ಅದನ್ನು ಬಹಳ ಹೊತ್ತು ನೋಡಿ, "ಇದು ಹಲ್ಲು ಕಟ್ಟಿಸಿಕೊಂಡ ಟ್ರ್ಯಾಕ್ಟರ್ ಹಾಗಿದೆ," ಎಂದಳು. ಬೇರೆಂಡ್ ಎರಡೂ ಕೈಯಲ್ಲಿ ತೆಗೆದುಕೊಂಡು, ಎಡಗಡೆಯಿಂದ ಬೆರಳುಗಳನ್ನು ಪೆಟ್ಟಿಗೆಯ ಮೇಲೆ ಹತ್ತಿಸಿ, ಸೀಟಿನ ಹರಿದ ಭಾಗಕ್ಕೆ ಬಂದು, ಗೇರಿನ ಗುಂಡನ್ನು ಹಿಡಿದು ಕೂತ. ಕಾಫಿ ಆರಿಹೋಯಿತು. ಹೇಗಿದೆ ಎಂದು ನಾನು ಕೇಳಲಿಲ್ಲ. ಕೇಳದೆ ಇರುವುದು ನನಗೆ ಎಷ್ಟು ಕಷ್ಟ ಎಂಬುದು ನನ್ನನ್ನು ಬಲ್ಲವರಿಗೆ ಗೊತ್ತು.

ಫೆಬ್ರವರಿಯಲ್ಲಿ ಅದನ್ನೇ ಆಸೆನ್‌ಗೆ ಒಯ್ಯಬೇಕೆಂದು ಬೇರೆಂಡ್ ಹಟ ಹಿಡಿದ. ಒಯ್ದೆ. ಅದು ಯಾವ ಅಳತೆಯ ವಿಭಾಗಕ್ಕೂ ಸೇರಲಿಲ್ಲ, ಬಹುಮಾನವೂ ಇಲ್ಲ. ತೀರ್ಪುಗಾರರ ಚೀಟಿಯಲ್ಲಿ ವೀಟ್ಸೆಯ ಅಚ್ಚುಕಟ್ಟಾದ ಅಕ್ಷರದಲ್ಲಿ ಹೀಗಿತ್ತು: 'ಬಾಗಿಲಿನ ಹಿಡಿ ಆರು ಪಟ್ಟು ದೊಡ್ಡದು. ಬಣ್ಣವಿಲ್ಲ. ಎಡಬಲ ಸರಿ ಇದೆ.' ಮೇಜಿನ ಮುಂದೆ ಜನ ನಿಂತು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಸಂಜೆಗೆ ಹಿತ್ತಾಳೆಯೆಲ್ಲ ಬೆರಳಚ್ಚು. ನಾನು ಒರೆಸುವ ಬಟ್ಟೆ ಹಿಡಿದು ಹಿಂದೆ ನಿಂತಿದ್ದೆ, ಒರೆಸಲಿಲ್ಲ.

ಮನೆಗೆ ತಂದುಕೊಟ್ಟಾಗ ಬೇರೆಂಡನಿಗೆ ಇನ್ನೂ ಒಂದು ಕೊರತೆ ಕಂಡಿತು.

"ವಾಸನೆ ಇಲ್ವಲ್ಲೋ ಇದಕ್ಕೆ."

ನಾನು ಹಿಲ್ಲಿಯ ಕೊಟ್ಟಿಗೆಯಿಂದ ಒಂದು ಸಣ್ಣ ಶೀಶೆಯಲ್ಲಿ ಡೀಸೆಲ್ ತಂದು, ಮರದ ಟ್ಯಾಂಕಿನೊಳಗೆ ಹತ್ತಿಯ ಉಂಡೆಯಿಟ್ಟು ನಾಲ್ಕು ಹನಿ ಬಿಟ್ಟೆ. ಬೇರೆಂಡ್ ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದ. ಅಷ್ಟರಲ್ಲಿ ರೂಲಿ ಒಳಗೆ ಬಂದಳು. ಹತ್ತು ನಿಮಿಷದಲ್ಲಿ ಟ್ರ್ಯಾಕ್ಟರು, ಬೇರೆಂಡ್, ನಾನು ಮೂವರೂ ಅಡುಗೆಮನೆಯಿಂದ ಹೊರಗಿದ್ದೆವು.

ಈಗ ಅದು ಅವರ ಹಿತ್ತಿಲ ಕೊಟ್ಟಿಗೆಯಲ್ಲಿದೆ. ಗುರುವಾರ ಹತ್ತಕ್ಕೆ ನಾನು ಹೋಗುತ್ತೇನೆ, ಹಾರ್ಮ್ ಬರುತ್ತಾನೆ. ಮೂವರೂ ಕೋಟು ಹಾಕಿಕೊಂಡು ಆಲೂಗಡ್ಡೆ ಪೆಟ್ಟಿಗೆಗಳ ಮೇಲೆ ಕೂರುತ್ತೇವೆ. ಟ್ರ್ಯಾಕ್ಟರು ಸರದಿಯ ಮೇಲೆ ಕೈಯಿಂದ ಕೈಗೆ ಹೋಗುತ್ತದೆ. ರೂಲಿ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ಕಾಫಿ ಇಟ್ಟು ಹೋಗುತ್ತಾಳೆ, ತಲಾ ಒಂದು ಬಿಸ್ಕತ್ತು.